ಪೈಪ್ ಫಿಟ್ಟರ್ ರೂಪುಗೊಳ್ಳುವ ಬಗೆ



ದತ್ತಿ ಉಪನ್ಯಾಸಗಳಲ್ಲಿ ಸಾಹಿತ್ಯ, ಇತಿಹಾಸ, ವಿಜ್ಞಾನಗಳನ್ನು ಕುರಿತು ಮಾತನಾಡುವುದು ವಾಡಿಕೆ. ಒಂದು ಕಸುಬಿನ ಕಲಿಕೆಯನ್ನು ಈ ವೇದಿಕೆಗೆ ತರಲು ಸಂಸ್ಥೆ ಒಪ್ಪಿದ್ದಕ್ಕೆ ನಾನು ಕೃತಜ್ಞ. ಇಂದಿನ ನನ್ನ ವಿಷಯ ಪೈಪ್ ಫಿಟ್ಟರ್ ತರಬೇತಿ. ಆ ಕೆಲಸ ಏನು ಎಂಬುದನ್ನು ಮೊದಲು ಹೇಳುತ್ತೇನೆ. ಆಮೇಲೆ ಅದಕ್ಕೆ ಬೇಕಾದ ತಿಳಿವಳಿಕೆ ಎಂಥದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ಬಳಿಕ ಹೊರದೇಶಗಳಲ್ಲಿ ಮತ್ತು ನಮ್ಮಲ್ಲಿ ಇದನ್ನು ಕಲಿಸುವ ರೀತಿ, ಕೊನೆಗೆ ಈ ವಾದಕ್ಕೆ ಬರಬಹುದಾದ ಆಕ್ಷೇಪಗಳು. ವಾದವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಪೈಪ್ ಜೋಡಣೆಯಲ್ಲಾಗುವ ಕೆಲವು ದೊಡ್ಡ ದೋಷಗಳು ಆಮೇಲಿನ ಯಾವ ತಪಾಸಣೆಗೂ ಸಿಗುವುದಿಲ್ಲ. ಅವನ್ನು ತಡೆಯುವುದು ಜೋಡಿಸುವವರ ಅರಿವೊಂದೇ. ಆ ಅರಿವು ಮೂರು ತಿಂಗಳ ಕೋರ್ಸಿನಿಂದ ಬರುವಂಥದಲ್ಲ. ಸಂಬಳ ಪಡೆಯುತ್ತ, ಬಲ್ಲವರ ಪಕ್ಕದಲ್ಲಿ ನಿಂತು, ತರಗತಿಯ ಪಾಠವನ್ನೂ ಜೊತೆಗಿಟ್ಟುಕೊಂಡು ನಾಲ್ಕೈದು ವರ್ಷ ಕಲಿಯುವ ದಾರಿ ಬೇಕು.

ಕೆಲಸ ಏನು ಎಂಬುದಕ್ಕೆ ಬರುತ್ತೇನೆ. ಮನೆಗೆ ನೀರಿನ ಸಂಪರ್ಕ ಕೊಡುವವರನ್ನು, ಬಚ್ಚಲಿನ ನಲ್ಲಿ ಸರಿಪಡಿಸುವವರನ್ನು ನಾವೆಲ್ಲ ಬಲ್ಲೆವು, ಅವರು ಪ್ಲಂಬರ್‌ಗಳು. ಪೈಪ್ ಫಿಟ್ಟರ್ ಕೆಲಸ ಮಾಡುವುದು ತೈಲ ಶುದ್ಧೀಕರಣ ಘಟಕಗಳಲ್ಲಿ, ವಿದ್ಯುತ್ ಸ್ಥಾವರಗಳಲ್ಲಿ, ಔಷಧ ಮತ್ತು ರಸಗೊಬ್ಬರ ಕಾರ್ಖಾನೆಗಳಲ್ಲಿ, ಹಡಗು ಕಟ್ಟುವ ಯಾರ್ಡ್‌ಗಳಲ್ಲಿ. ಅಲ್ಲಿನ ಕೊಳವೆಗಳಲ್ಲಿ ಹರಿಯುವುದು ಹಬೆ, ಆಮ್ಲ, ಹೊತ್ತಿಕೊಳ್ಳುವ ಅನಿಲ, ಕುದಿಯುವ ಎಣ್ಣೆ. ಮಂಗಳೂರಿನ ಬಳಿ ಇರುವ ಎಂಆರ್‌ಪಿಎಲ್ ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯದ ಘಟಕ. ಆ ತೈಲ ಪೆಟ್ರೋಲ್ ಆಗಿ, ಡೀಸೆಲ್ ಆಗಿ ಹೊರಬರುವ ತನಕ ಸಾಗುವುದೆಲ್ಲ ಪೈಪಿನೊಳಗೆ. ಕೈಗಾದ 220 ಮೆಗಾವಾಟ್ ಅಣು ರಿಯಾಕ್ಟರುಗಳಲ್ಲಿ ಒಂದೊಂದರಲ್ಲೂ 306 ಶೀತಕ ನಾಳಗಳಿವೆ. ಪ್ರತಿ ನಾಳದ ಎರಡೂ ತುದಿಗೆ ಒಂದೊಂದು ಫೀಡರ್ ಪೈಪ್. ಒಂದು ರಿಯಾಕ್ಟರಿಗೆ 612. ಇಕ್ಕಟ್ಟಾದ ಜಾಗದಲ್ಲಿ, ಒಂದಕ್ಕೊಂದು ತಾಗದಂತೆ, ಬಿಸಿಯಾದಾಗ ಹಿಗ್ಗಲು ಎಡೆ ಬಿಟ್ಟು ಅವನ್ನೆಲ್ಲ ಕೂರಿಸಬೇಕು. ಹೀಗೆ ಕೂರಿಸುವ ಕೆಲಸಗಾರರ ಬಗ್ಗೆ ನಮ್ಮ ಶಿಕ್ಷಣದ ಚರ್ಚೆಗಳಲ್ಲಿ ಒಂದು ಮಾತೂ ಬಾರದಿರುವುದು ನನಗೆ ನೋವಿನ ಸಂಗತಿ.

ಫಿಟ್ಟರ್ ಕೈಗೆ ಮೊದಲು ಬರುವುದು ಒಂದು ಐಸೋಮೆಟ್ರಿಕ್ ನಕ್ಷೆ. ಸೈಟಿನಲ್ಲಿ ಅದನ್ನು ಚಿಕ್ಕದಾಗಿ ‘ಐಸೋ’ ಎನ್ನುತ್ತಾರೆ. ಮೂರು ಆಯಾಮಗಳಲ್ಲಿ ಓಡುವ ಪೈಪನ್ನು ಒಂದು ಹಾಳೆಯ ಮೇಲೆ ಗೆರೆಗಳಲ್ಲಿ ತೋರಿಸಿರುತ್ತಾರೆ. ಅದನ್ನು ಓದಿ, ಎಷ್ಟುದ್ದದ ತುಂಡು ಕತ್ತರಿಸಬೇಕೆಂದು ಲೆಕ್ಕ ಹಾಕಬೇಕು. ಒಂದು ಉದಾಹರಣೆ ಕೊಡುತ್ತೇನೆ. ಆರಿಂಚಿನ ಪೈಪೊಂದು ಮುಂದೆ ಸಾಗುತ್ತಲೇ 300 ಮಿಲಿಮೀಟರ್ ಮೇಲಕ್ಕೂ 400 ಮಿಲಿಮೀಟರ್ ಪಕ್ಕಕ್ಕೂ ಸರಿಯಬೇಕು. ತಿರುವಿಗೆ 45 ಡಿಗ್ರಿಯ ಎರಡು ಎಲ್ಬೋಗಳು. ಮೇಲಿನ ಸರಿತ, ಪಕ್ಕದ ಸರಿತ ಎರಡೂ ಸೇರಿದಾಗ ಓರೆಯ ಅಂತರ 500. ಅದನ್ನು 1.414ರಿಂದ ಗುಣಿಸಿದರೆ ಪೈಪ್ ಸಾಗುವ ದಾರಿ 707. ಆದರೆ 707 ಕತ್ತರಿಸಿದರೆ ಕೆಲಸ ಕೆಟ್ಟಂತೆಯೇ. ಎರಡು ಎಲ್ಬೋಗಳು ತಲಾ 95 ತೆಗೆದುಕೊಳ್ಳುತ್ತವೆ. ಬೆಸುಗೆಗೆಂದು ಎರಡೂ ಕಡೆ ಮೂರು ಮೂರು ಮಿಲಿಮೀಟರ್ ಸಂದು ಬಿಡಬೇಕು. ಉಳಿಯುವುದು 511. ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಹುಡುಗ ಇಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಬಳಸಬೇಕಾಗುತ್ತದೆ, ಅದೂ ತಪ್ಪಿದರೆ ಉಕ್ಕಿನ ಬೆಲೆ ತೆತ್ತು. ಅಂದಹಾಗೆ, ಆರಿಂಚಿನ ಪೈಪಿನ ಹೊರವ್ಯಾಸ ಆರಿಂಚಲ್ಲ, ಅದು 168.3 ಮಿಲಿಮೀಟರ್. ಇಂಥ ಸಂಗತಿಗಳು ಕೈಯಲ್ಲಿ ಹಿಡಿದು ಅಳೆದಾಗ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತವೆ.

ಇಷ್ಟೇ ಆಗಿದ್ದರೆ ಇದನ್ನು ಆರು ತಿಂಗಳಲ್ಲಿ ಕಲಿಸಬಹುದಿತ್ತು. ಅಳತೆ, ಲೆಕ್ಕ, ಕತ್ತರಿಸುವುದು, ರಸಮಟ್ಟ ಹಿಡಿದು ನೇರ ನೋಡುವುದು, ತುಂಡುಗಳು ಅಲುಗದಂತೆ ಟ್ಯಾಕ್ ಬೆಸುಗೆ ಹಾಕುವುದು ಇವೆಲ್ಲ ಬೇಗ ಕೈಗೆ ಹತ್ತುತ್ತವೆ. ಈಗ ನಾನು ಎರಡನೆಯ ಹಾಗೂ ಮುಖ್ಯವಾದ ಮಾತಿಗೆ ಬರುತ್ತೇನೆ. ಫಿಟ್ಟರ್ ಜೋಡಿಸುವುದು ತಣ್ಣಗಿರುವ, ಖಾಲಿಯಾಗಿರುವ, ಅಲುಗದೆ ನಿಂತಿರುವ ಪೈಪನ್ನು. ಅದು ಬಾಳುವುದಾದರೋ ಬಿಸಿಯಲ್ಲಿ, ಒತ್ತಡದಲ್ಲಿ, ನಡುಕದಲ್ಲಿ. ನೂರು ಮೀಟರ್ ಉದ್ದದ ಉಕ್ಕಿನ ಹಬೆಕೊಳವೆಯ ಉಷ್ಣತೆ 200 ಡಿಗ್ರಿಯಷ್ಟು ಏರಿತೆಂದರೆ ಅದು ಸುಮಾರು 24 ಸೆಂಟಿಮೀಟರ್ ಉದ್ದವಾಗುತ್ತದೆ. ಅಷ್ಟನ್ನು ನುಂಗಿಕೊಳ್ಳಲೆಂದೇ ವಿನ್ಯಾಸಕಾರರು ಅಲ್ಲಲ್ಲಿ ಕೊಳವೆಗೆ ಬಳಸು ತಿರುವು ಇಟ್ಟಿರುತ್ತಾರೆ, ಕೆಲವು ಆಸರೆಗಳ ಮೇಲೆ ಅದು ಜಾರಲು ಬಿಟ್ಟಿರುತ್ತಾರೆ, ಕೆಲವೆಡೆ ಅಲುಗದಂತೆ ಬಿಗಿದಿರುತ್ತಾರೆ. ಜಾರಬೇಕಾದ ಆಸರೆಗೆ ‘ಗಟ್ಟಿಯಾಗಿರಲಿ’ ಎಂಬ ಸದುದ್ದೇಶದಿಂದಲೇ ಒಬ್ಬ ಫಿಟ್ಟರ್ ಬೆಸುಗೆ ಹಾಕಿಬಿಟ್ಟರೆ ಆ ದಿನ ಏನೂ ಆಗುವುದಿಲ್ಲ. ಸ್ಥಾವರ ಚಾಲೂ ಆದ ಮೇಲೆ ಆ ಹಿಗ್ಗುವಿಕೆ ಬೇರೆಲ್ಲೋ ಒಂದು ನಳಿಕೆಯನ್ನು, ಬೋಲ್ಟಿನಿಂದ ಬಿಗಿದ ಒಂದು ಅಂಚುಜೋಡಣೆಯನ್ನು (ಫ್ಲ್ಯಾಂಜ್) ಸೀಳಲು ನೋಡುತ್ತದೆ.

ಹಾಗಾದರೆ ತಪಾಸಣೆ ಯಾಕಿದೆ ಎಂದು ಸಭಿಕರು ಕೇಳಬಹುದು. ಕಾರ್ಖಾನೆಗಳ ಪೈಪಿಂಗ್‌ಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಮೆರಿಕದ ಬಿ31.3 ಸಂಹಿತೆಯನ್ನೇ ತೆಗೆದುಕೊಳ್ಳೋಣ. ಸಾಮಾನ್ಯ ಸೇವೆಯ ಕೊಳವೆಗಳಲ್ಲಿ ನೂರಕ್ಕೆ ಐದು ಬೆಸುಗೆಗಳನ್ನು ಎಕ್ಸ್‌ರೇ ಮೊದಲಾದ ವಿಧಾನದಿಂದ ನೋಡಿದರೆ ಸಾಕು ಎನ್ನುತ್ತದೆ ಅದು. ಉಳಿದ ತೊಂಬತ್ತೈದರ ಒಳಮೈಯನ್ನು ಯಾರೂ ನೋಡುವುದಿಲ್ಲ. ಆಮೇಲೆ ನೀರು ತುಂಬಿ, ವಿನ್ಯಾಸದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಕನಿಷ್ಠ ಹತ್ತು ನಿಮಿಷ ಹಿಡಿದು, ಸೋರಿಕೆ ಇದೆಯೇ ಎಂದು ಪರೀಕ್ಷಿಸಬೇಕು. ಇದೇ ಹೈಡ್ರೋಟೆಸ್ಟ್. ಒಳ್ಳೆಯ ಪರೀಕ್ಷೆಯೇ. ಆದರೆ ಅದು ತಣ್ಣೀರಿನ ಪರೀಕ್ಷೆ. ಬಿಸಿಗೆ ಪೈಪ್ ಹೇಗೆ ವರ್ತಿಸುತ್ತದೆಂದು ಅದು ಹೇಳದು. ಪಂಪಿಗೆ ಕೂಡಿಸುವ ಫ್ಲ್ಯಾಂಜನ್ನು ಗಮನಿಸಿ. ಎರಡು ಫ್ಲ್ಯಾಂಜ್‌ಗಳ ಮುಖಗಳು 200 ಮಿಲಿಮೀಟರಿಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ಓರೆಯಾಗಿರಕೂಡದು, ಬೋಲ್ಟಿನ ತೂತುಗಳು ಮೂರು ಮಿಲಿಮೀಟರಿಗಿಂತ ಹೆಚ್ಚು ಸರಿದಿರಕೂಡದು ಎಂದು ಅದೇ ಸಂಹಿತೆ ವಿಧಿಸುತ್ತದೆ. ಹತ್ತು ಮಿಲಿಮೀಟರ್ ಸರಿದಿದ್ದರೆ? ಚೈನ್ ಬ್ಲಾಕ್ ಎಂಬ ಸರಪಳಿ ರಾಟೆ ಹಾಕಿ ಎಳೆದು, ಬೋಲ್ಟ್ ತೂರಿಸಿ ಬಿಗಿದರೆ ಕೂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಒಳ್ಳೆಯ ಜೋಡಣೆಗೂ ಇದಕ್ಕೂ ವ್ಯತ್ಯಾಸ ಕಾಣದು. ಹೈಡ್ರೋಟೆಸ್ಟಿನಲ್ಲಿ ಒಂದು ಹನಿಯೂ ಸೋರದಿರಬಹುದು. ಆ ಎಳೆತವೆಲ್ಲ ಪಂಪಿನ ಮೈಮೇಲೆ ಉಳಿದು, ಶಾಫ್ಟಿನ ನೇರ ತಪ್ಪಿಸಿ, ಬೇರಿಂಗನ್ನೂ ಸೀಲನ್ನೂ ತಿಂದುಹಾಕುತ್ತದೆ. ಅಷ್ಟರಲ್ಲಿ ಜೋಡಿಸಿದ ಗ್ಯಾಂಗ್ ಇನ್ನೊಂದು ಊರಿನ ಇನ್ನೊಂದು ಸೈಟಿಗೆ ಹೋಗಿರುತ್ತದೆ.

ನೂರು ಕಡೆ ತಪಾಸಣಾಧಿಕಾರಿಗಳನ್ನು ನಿಲ್ಲಿಸಿದರೂ ಪ್ರತಿ ಚೈನ್ ಬ್ಲಾಕಿನ ಹಿಂದೆ ಒಬ್ಬರನ್ನು ನಿಲ್ಲಿಸಲಾಗದು. ‘ಇದನ್ನು ಎಳೆದು ಕೂರಿಸಬಾರದು, ಕತ್ತರಿಸಿ ಮತ್ತೆ ಮಾಡಬೇಕು’ ಎಂದು ಹೇಳಬೇಕಾದವರು ಜೋಡಿಸುವವರೇ. ಹೇಳಲು ಎರಡು ಬೇಕು: ಹೀಗೆ ಮಾಡಿದರೆ ಮುಂದೇನಾಗುತ್ತದೆ ಎಂಬ ತಿಳಿವಳಿಕೆ, ಮತ್ತು ಮೇಸ್ತ್ರಿಯ ಅವಸರದ ಎದುರು ಆ ತಿಳಿವಳಿಕೆಯನ್ನು ಬಾಯಿಬಿಟ್ಟು ಹೇಳುವಷ್ಟು ಸ್ಥಾನಬಲ. ಎರಡನ್ನೂ ಕೊಡುವುದು ದೀರ್ಘವಾದ, ಮಾನ್ಯತೆ ಪಡೆದ ತರಬೇತಿ.

ಇದು ಊಹೆಯ ಮಾತಲ್ಲ ಎಂದು ತೋರಿಸಲು ಎರಡು ದುರಂತಗಳನ್ನು ನೆನೆಯಬೇಕಾಗಿದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳ ಪೈಕಿ ಐದನೆಯದರಲ್ಲಿ 1974ರ ಮಾರ್ಚ್ ತಿಂಗಳಲ್ಲಿ ಬಿರುಕು ಕಂಡಿತು. ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ ತಾತ್ಕಾಲಿಕ ಪೈಪೊಂದನ್ನು ಕೂಡಿಸಿದರು. ಮೂಲ ಸಂಪರ್ಕಗಳು 28 ಇಂಚಿನವು. ಕೈಗೆ ಸಿಕ್ಕಿದ್ದು 20 ಇಂಚಿನ ಪೈಪ್. ಎರಡು ರಿಯಾಕ್ಟರುಗಳು ಬೇರೆ ಬೇರೆ ಎತ್ತರದಲ್ಲಿದ್ದುದರಿಂದ ಪೈಪಿಗೆ ಮುರಿದ ಕಾಲಿನಂತೆ ತಿರುವು ಕೊಡಬೇಕಾಯಿತು. ಅದಕ್ಕೆ ಇದ್ದ ನಕ್ಷೆಯೆಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪೂರ್ಣಪ್ರಮಾಣದ ಚಿತ್ರವೊಂದೇ. ಒತ್ತಡ ಆ ತಿರುವನ್ನು ಹೇಗೆ ಹೊರಳಿಸುತ್ತದೆ ಎಂಬ ಲೆಕ್ಕವನ್ನು ಯಾರೂ ಮಾಡಲಿಲ್ಲ. ಸೋರಿಕೆಯ ಪರೀಕ್ಷೆ ಮಾಡಿದರು, ಪಾಸಾಯಿತು. ಆದರೆ ಆ ಪರೀಕ್ಷೆಯ ಒತ್ತಡ ಸುರಕ್ಷತಾ ಕವಾಟ ತೆರೆಯುವ ಮಟ್ಟಕ್ಕಿಂತ ಕಡಿಮೆಯಿತ್ತು. ಸುಮಾರು ಎರಡು ತಿಂಗಳು ಕೆಲಸ ಮಾಡಿದ ಆ ಪೈಪ್ ಜೂನ್ 1ರಂದು ಕಳಚಿತು. ಸೈಕ್ಲೊಹೆಕ್ಸೇನ್ ಆವಿಯ ಮೋಡ ಹೊತ್ತಿ ಸ್ಫೋಟಿಸಿ 28 ಮಂದಿ ಸತ್ತರು. ಅದು ಶನಿವಾರವಾಗಿತ್ತು; ಕೆಲಸದ ದಿನವಾಗಿದ್ದರೆ ಸಾವು ಇನ್ನೂ ಎಷ್ಟೋ ಹೆಚ್ಚುತ್ತಿತ್ತು.

ಎರಡನೆಯದು 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆಯಲ್ಲಿ ನಡೆದದ್ದು. ಒಂದು ಪಂಪಿನ ಸುರಕ್ಷತಾ ಕವಾಟವನ್ನು ತಪಾಸಣೆಗೆಂದು ಬಿಚ್ಚಿ, ತೆರೆದ ಬಾಯಿಗೆ ಬ್ಲೈಂಡ್ ಫ್ಲ್ಯಾಂಜ್ ಮುಚ್ಚಿದ್ದರು. ರಾತ್ರಿ ಪಾಳಿಯವರಿಗೆ ಇದು ತಿಳಿದಿರಲಿಲ್ಲ. ಇನ್ನೊಂದು ಪಂಪ್ ನಿಂತಾಗ ಈ ಪಂಪನ್ನು ಚಾಲೂ ಮಾಡಲು ಹೋದರು. ಆ ಮುಚ್ಚಳ ಸೋರದಷ್ಟು ಬಿಗಿಯಾಗಿರಲಿಲ್ಲ ಎಂದು ಲಾರ್ಡ್ ಕಲನ್ ಅವರ ವಿಚಾರಣೆ ತೀರ್ಮಾನಿಸಿತು. ಸೋರಿಕೆ ಹೊತ್ತಿಕೊಂಡು 167 ಜನ ಪ್ರಾಣ ಕಳೆದುಕೊಂಡರು. ಎರಡೂ ಪ್ರಕರಣಗಳಲ್ಲಿ ಹೊಣೆ ಮುಖ್ಯವಾಗಿ ಆಡಳಿತದ್ದೇ. ಕೆಲಸಗಾರರ ತಲೆಗೆ ಅದನ್ನು ಕಟ್ಟುವುದು ಅನ್ಯಾಯ. ಪರವಾನಗಿ ಪತ್ರ ಒಂದು ಪಾಳಿಯಿಂದ ಇನ್ನೊಂದು ಪಾಳಿಗೆ ದಾಟದೆ ಹೋದದ್ದು, ಬಲ್ಲ ಎಂಜಿನಿಯರ್ ಇಲ್ಲದೆ ಮಾರ್ಪಾಡು ಮಾಡಿದ್ದು ಮೇಲಿನವರ ಲೋಪ. ಆದರೂ ಒಂದು ಮಾತು ಉಳಿಯುತ್ತದೆ. ಮೇಲಿನ ವ್ಯವಸ್ಥೆ ಕುಸಿದಾಗ ಕೊನೆಯ ತಡೆಯಾಗಿ ಉಳಿಯುವುದು ಸ್ಪ್ಯಾನರ್ ಹಿಡಿದವರ ವಿವೇಕ. ‘ಈ ಆಸರೆ ಸಾಲದು’ ಎನ್ನುವ ಹಕ್ಕು, ‘ತಾತ್ಕಾಲಿಕ ಮುಚ್ಚಳವೂ ಪೂರ್ತಿ ಬಿಗಿಯಾಗಿರಬೇಕು’ ಎನ್ನುವ ಅಭ್ಯಾಸ ತರಬೇತಿಯ ಭಾಗವಾಗಿರಬೇಕು.

ಇಷ್ಟು ಹೇಳಿದ ಮೇಲೆ ಕಲಿಸುವ ರೀತಿಯತ್ತ ತಿರುಗೋಣ. ಅಮೆರಿಕ ಮತ್ತು ಕೆನಡಾಗಳಲ್ಲಿ ಈ ಕಸುಬಿನವರ ಯುನೈಟೆಡ್ ಅಸೋಸಿಯೇಷನ್ ಎಂಬ ಸಂಘವಿದೆ, ಸ್ಥಾಪನೆಯಾದದ್ದು 1889ರಲ್ಲಿ. ಅದರ ಅಪ್ರೆಂಟಿಸ್‌ಶಿಪ್ ಐದು ವರ್ಷದ್ದು. ವರ್ಷಕ್ಕೆ 1,700ರಿಂದ 2,000 ಗಂಟೆ ಸಂಬಳದ ಕೆಲಸ, ಅದರೊಂದಿಗೆ ಕನಿಷ್ಠ 216 ಗಂಟೆ ತರಗತಿ. ಅಂದರೆ ಐದು ವರ್ಷದಲ್ಲಿ ತರಗತಿಯೊಂದೇ ಸಾವಿರ ಗಂಟೆ ಮೀರುತ್ತದೆ. ವರ್ಷ ಕಳೆದಂತೆ ಕೂಲಿಯೂ ಏರುತ್ತದೆ. ಜರ್ಮನಿಯಲ್ಲಿ ಇದಕ್ಕೆ ಹತ್ತಿರದ ಕಸುಬಿನ ತರಬೇತಿ ಮೂರೂವರೆ ವರ್ಷ. ವಾರದ ಕೆಲವು ದಿನ ಕಾರ್ಖಾನೆ, ಕೆಲವು ದಿನ ವೃತ್ತಿಶಾಲೆ. ಇಲ್ಲಿ ಅನುಕರಣೀಯವಾದದ್ದು ವರ್ಷಗಳ ಎಣಿಕೆಗಿಂತ ಹೆಚ್ಚಾಗಿ ಎರಡನ್ನೂ ಒಟ್ಟಿಗೆ ನಡೆಸುವ ಕ್ರಮ. ಬೆಳಿಗ್ಗೆ ಹಬೆಯ ಕೊಳವೆಯ ಪಕ್ಕ ನಿಂತವನಿಗೆ ಸಂಜೆ ಹಿಗ್ಗುವಿಕೆಯ ಪಾಠ ಬೇರೆಯೇ ಅರ್ಥ ಕೊಡುತ್ತದೆ.

ನಮ್ಮಲ್ಲಿ ಏನೂ ಇಲ್ಲ ಎಂದರೆ ತಪ್ಪಾಗುತ್ತದೆ. ಕುಶಲಕರ್ಮಿಗಳ ತರಬೇತಿ ಯೋಜನೆ 1950ರಲ್ಲೇ ಶುರುವಾಯಿತು. ಅಪ್ರೆಂಟಿಸ್ ಕಾಯ್ದೆ 1961ರದ್ದು. ಐಟಿಐಗಳಲ್ಲಿ ಫಿಟ್ಟರ್ ಟ್ರೇಡ್ ಎರಡು ವರ್ಷ, ಪ್ಲಂಬರ್ ಒಂದು ವರ್ಷ, ವೆಲ್ಡರ್ ಒಂದು ವರ್ಷ. ತೊಂದರೆ ಇರುವುದು ಇವುಗಳ ನಡುವಿನ ತೆರಪಿನಲ್ಲಿ. ಐಟಿಐ ಫಿಟ್ಟರ್ ಹೆಚ್ಚಾಗಿ ಕಲಿಯುವುದು ಬೆಂಚಿನ ಕೆಲಸ, ಅರ, ಡ್ರಿಲ್ಲು, ಲೇಥು, ಯಂತ್ರಭಾಗಗಳ ಜೋಡಣೆ. ಪ್ಲಂಬರ್ ಕಲಿಯುವುದು ಕಟ್ಟಡದ ನೀರು, ಒಳಚರಂಡಿ. ವೆಲ್ಡರ್‌ಗೆ ಬೆಸುಗೆ ಗೊತ್ತು. ಎರಡು ತುದಿಗಳನ್ನು ಅಲ್ಲಿಗೆ ತಂದು ನಿಲ್ಲಿಸುವ ಲೆಕ್ಕ ಗೊತ್ತಿಲ್ಲ. ಈ ಮೂರರಿಂದಲೂ ಅಷ್ಟಷ್ಟು ಬೇಡುವ ಕಾರ್ಖಾನೆಯ ಪೈಪಿಂಗ್ ಯಾರ ಪಾಠದಲ್ಲೂ ಪೂರ್ತಿಯಾಗಿ ಬರುವುದಿಲ್ಲ. ಮುಂಬಯಿಯ ಮಜಗಾಂವ್ ಡಾಕ್‌ನಂಥ ಹಡಗು ಯಾರ್ಡ್‌ಗಳು ಪೈಪ್ ಫಿಟ್ಟರ್ ಎಂಬ ಹೆಸರಿನಲ್ಲೇ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ನಮ್ಮ ಮಲ್ಪೆಯಲ್ಲೂ ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಹಡಗು ಕಟ್ಟುತ್ತಿದೆ. ಆದರೆ ಸೈಟುಗಳಲ್ಲಿ ದುಡಿಯುವ ಬಹುಪಾಲು ಫಿಟ್ಟರ್‌ಗಳು ಬಂದದ್ದು ಹೆಲ್ಪರ್ ಆಗಿ, ಸಂಬಂಧಿಕರ ಗ್ಯಾಂಗಿನ ಹಿಂದೆ. ಫೋರ್‌ಮನ್ ಉದಾರಿಯಾಗಿದ್ದರೆ ಐಸೋ ಓದಲು ಕಲಿಸಿಕೊಡುತ್ತಾರೆ. ಇಲ್ಲದಿದ್ದರೆ ಹತ್ತು ವರ್ಷ ಗ್ರೈಂಡರ್ ಹಿಡಿಯುವುದೇ ಗತಿ.

ಈ ತೆರಪನ್ನು ತುಂಬಲು ಬಂದದ್ದು ಅಲ್ಪಾವಧಿ ಕೌಶಲ ಕೋರ್ಸುಗಳು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೆಯ ಹಂತದಲ್ಲಿ ಕೋರ್ಸುಗಳ ಅವಧಿ 150ರಿಂದ 300 ಗಂಟೆಯಿತ್ತು. ಅಮೆರಿಕದ ಐದು ವರ್ಷದ ಎಂಟೂವರೆ ಸಾವಿರ ಗಂಟೆ ಕೆಲಸ, ಸಾವಿರ ಗಂಟೆ ಪಾಠದ ಎದುರು ಇದನ್ನಿಟ್ಟು ನೋಡಿ. ಹೆಲ್ಪರ್ ಆಗಲು ಬಾಗಿಲು ತೆರೆಯುವ ಮಟ್ಟಿಗೆ ಈ ಕೋರ್ಸುಗಳಿಗೆ ಬೆಲೆಯಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊನೆಯಲ್ಲಿ ಕೊಡುವ ಪ್ರಮಾಣಪತ್ರ ಕಲಿತವನಿಗೂ ಮಾಲೀಕರಿಗೂ ‘ಕಲಿಕೆ ಮುಗಿಯಿತು’ ಎಂಬ ಭಾವನೆ ಹುಟ್ಟಿಸುವುದು ಅಪಾಯಕರ.

ಇನ್ನು ಆಕ್ಷೇಪಗಳು. ಎಲ್ಲಕ್ಕಿಂತ ಬಲವಾದದ್ದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಶಾಲೆಯ ಮುಖ ನೋಡದ ಎಷ್ಟೋ ಮೇಸ್ತ್ರಿಗಳು ಕಣ್ಣಳತೆಯಲ್ಲೇ ಕೊಳವೆ ಕೂರಿಸುತ್ತಾರೆ. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋಗಿ ಅಲ್ಲಿನ ರಿಫೈನರಿಗಳನ್ನು ಕಟ್ಟಿದವರು ಯಾವ ಐದು ವರ್ಷದ ತರಬೇತಿ ಪಡೆದಿದ್ದರು? ಈ ಪ್ರಶ್ನೆಯಲ್ಲಿ ಸತ್ಯವಿದೆ, ಆ ಕೈಗಳ ಬಗ್ಗೆ ನನಗೆ ಅಪಾರ ಗೌರವವೂ ಇದೆ. ಆದರೆ ಅವರು ಪಳಗಲು ತೆಗೆದುಕೊಂಡ ಕಾಲವೆಷ್ಟು ಎಂದು ಕೇಳಿ ನೋಡಬೇಕು. ಏಳೆಂಟು ವರ್ಷ ಒಬ್ಬ ಬಲ್ಲವರ ಕೆಳಗೆ ದುಡಿದೇ ಆ ಕಣ್ಣಳತೆ ಬಂದಿರುತ್ತದೆ. ಹಾಗಾಗಿ ಅವರ ಉದಾಹರಣೆ ದೀರ್ಘ ಕಲಿಕೆಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಜೊತೆಗೆ, ಹಾಗೆ ಪಳಗಿದವರಷ್ಟೇ ನಮ್ಮ ಕಣ್ಣಿಗೆ ಬೀಳುತ್ತಾರೆ. ಕಲಿಸುವವರು ಸಿಗದೆ ಅರ್ಧದಲ್ಲಿ ಉಳಿದವರು ಕಾಣುವುದಿಲ್ಲ. ಪಳಗಿದವರಿಗೂ ಕಾಗದದ ಬಲವಿಲ್ಲದೆ ನಷ್ಟವಾಗಿದೆ. ಹೊರದೇಶಕ್ಕೆ ಹೋಗುವವರ ರಕ್ಷಣೆಗೆ ನಿಯಮಗಳೇನೋ ಇವೆ: ಹತ್ತನೆಯ ತರಗತಿ ಮುಗಿಸದವರಿಗೆ ಗೊತ್ತುಮಾಡಿದ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ನೋಂದಾಯಿತ ನೇಮಕಾತಿ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ. ಆದರೂ ತನ್ನ ಕೌಶಲಕ್ಕೆ ನಂಬಲರ್ಹ ಪುರಾವೆಯಿಲ್ಲದ ಕೆಲಸಗಾರ ಉಪ ಏಜೆಂಟರ ಮಾತಿಗೆ ಬೇಗ ಬಲಿಬೀಳುತ್ತಾನೆ. ಇಂಥ ಹಿರಿಯರನ್ನು ಹೊಸ ವ್ಯವಸ್ಥೆ ಹೊರಗಿಡಬಾರದು. ಅವರ ಅನುಭವವನ್ನು ಪರೀಕ್ಷಿಸಿ ಮಾನ್ಯ ಮಾಡಿ, ಬೋಧಕರನ್ನಾಗಿ ಕರೆತರಬೇಕು.

ಮಾಲೀಕರ ಆಕ್ಷೇಪ ಬೇರೆ. ತರಬೇತಿ ಕೊಟ್ಟವರನ್ನು ಪಕ್ಕದ ಕಂಪನಿ ಎಗರಿಸಿಕೊಂಡು ಹೋಗುತ್ತದೆ, ನಾವೇಕೆ ಖರ್ಚು ಮಾಡಬೇಕು ಎನ್ನುತ್ತಾರೆ. ಒಂದೊಂದೇ ಕಂಪನಿಯನ್ನು ನೋಡಿದರೆ ಈ ಲೆಕ್ಕ ಸರಿ. ಆದ್ದರಿಂದಲೇ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳಬೇಕು. ಕಾನೂನು ಈಗಾಗಲೇ ಆ ದಿಕ್ಕಿನಲ್ಲಿದೆ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆಯವರನ್ನೂ ಸೇರಿಸಿದ ಒಟ್ಟು ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬೇಕು. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ಭತ್ಯೆಯ ಕಾಲುಭಾಗವನ್ನು, 1,500 ರೂಪಾಯಿ ಮಿತಿಯೊಳಗೆ, ಸರ್ಕಾರದಿಂದ ಕೊಡಿಸುತ್ತದೆ. ಪೈಪಿಂಗ್‌ನಲ್ಲಿ ಕೆಲಸ ಪ್ರಾಜೆಕ್ಟ್‌ನಿಂದ ಪ್ರಾಜೆಕ್ಟ್‌ಗೆ, ಗುತ್ತಿಗೆದಾರರಿಂದ ಗುತ್ತಿಗೆದಾರರಿಗೆ ಸರಿಯುತ್ತಿರುವುದರಿಂದ ಕಲಿಯುವವನ ದಾಖಲೆಯೂ ಅವನೊಂದಿಗೆ ಸಾಗುವಂತಿರಬೇಕು. ಒಂದೇ ಕಂಪನಿಯಲ್ಲಿ ಐದು ವರ್ಷ ಕಳೆಯಬೇಕೆಂಬ ಹಠ ಇಲ್ಲಿ ನಡೆಯದು.

ಮೂರನೆಯದು ಯಂತ್ರಗಳ ಮಾತು. ಈಗ ಸ್ಪೂಲ್‌ಗಳನ್ನು, ಅಂದರೆ ಪೈಪಿನ ಸಿದ್ಧ ಜೋಡಣೆಗಳನ್ನು, ಶೆಡ್ಡಿನಲ್ಲೇ ಯಂತ್ರದಿಂದ ಕತ್ತರಿಸಿ, ಬೆಸೆದು ಸೈಟಿಗೆ ತರುತ್ತಾರೆ, ಫಿಟ್ಟರ್ ಬೇಕಾಗುವುದು ಕಡಿಮೆ ಎಂಬ ವಾದ. ಕೆಲಸದ ಪ್ರಮಾಣ ಕಡಿಮೆಯಾಗಬಹುದು. ಆದರೆ ತಳಪಾಯ, ಕಂಬ, ಪಂಪ್, ಪಾತ್ರೆ ಎಲ್ಲದರ ಅಳತೆಯಲ್ಲೂ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ. ಅವೆಲ್ಲ ಒಟ್ಟುಗೂಡಿ ಬಂದು ನಿಲ್ಲುವುದು ಸೈಟಿನ ಕೊನೆಯ ಜೋಡಣೆಯ ಹತ್ತಿರ. ಸುಲಭದ ಕೆಲಸವನ್ನು ಶೆಡ್ಡಿನ ಯಂತ್ರ ತೆಗೆದುಕೊಂಡು, ಕಷ್ಟದ್ದನ್ನಷ್ಟೇ ಮನುಷ್ಯರಿಗೆ ಬಿಟ್ಟಿದೆ. ತರಬೇತಿಯ ಅಗತ್ಯ ಇದರಿಂದ ಹೆಚ್ಚುತ್ತದೆ. ಭಾರ ಎತ್ತುವುದು ಹೇಗೂ ಕ್ರೇನ್ ಮತ್ತು ಚೈನ್ ಬ್ಲಾಕ್ ಆಗಿರುವಾಗ, ಈ ಕಲಿಕೆ ಗಂಡುಮಕ್ಕಳಿಗೇ ಮೀಸಲು ಎಂದುಕೊಳ್ಳಲೂ ಕಾರಣವಿಲ್ಲ.

ಹಾಗಾದರೆ ನಮ್ಮ ರಾಜ್ಯದಲ್ಲಿ ಏನು ಮಾಡಬಹುದು? ಹೊಸ ಕಟ್ಟಡ ಬೇಕಿಲ್ಲ. ಮಂಗಳೂರು, ಕಾರವಾರ, ರಾಯಚೂರು, ಬಳ್ಳಾರಿ ಕಡೆ, ಅಂದರೆ ದೊಡ್ಡ ಸ್ಥಾವರಗಳಿರುವ ಕಡೆ, ಇರುವ ಐಟಿಐಗಳಲ್ಲೇ ಮೊದಲ ವರ್ಷ ಜ್ಯಾಮಿತಿ, ನಕ್ಷೆ, ಬೆಸುಗೆಯ ಪರಿಚಯ ಮುಗಿಯಲಿ. ಪಾಠ ಕನ್ನಡದಲ್ಲಿರಲಿ, ನಕ್ಷೆಯ ಮೇಲಿನ ಇಂಗ್ಲಿಷ್ ಸಂಕೇತಗಳೂ ಬರಲಿ. ಮುಂದಿನ ಮೂರು ವರ್ಷ ಸ್ಥಾವರಗಳಲ್ಲಿ ಸಂಬಳದ ಕೆಲಸ. ಸ್ಥಾವರ ನಿಲ್ಲಿಸುವ ಶಟ್‌ಡೌನ್ ಕಾಲದಲ್ಲಿ ರಿಪೇರಿ, ಉಳಿದಂತೆ ನಿರ್ಮಾಣ. ವರ್ಷಕ್ಕೊಮ್ಮೆ ಆರು ವಾರ ತರಗತಿಗೆ ಮರಳುವುದು. ಪ್ರತಿಯೊಬ್ಬರ ಕೈಯಲ್ಲೂ ಒಂದು ದಾಖಲೆ ಪುಸ್ತಕ: ಎಷ್ಟು ಗಂಟೆ ಯಾವ ಕೆಲಸ, ಯಾರ ಕೈಕೆಳಗೆ ಎಂದು ಆ ಹಿರಿಯ ಫಿಟ್ಟರ್‌ನ ಸಹಿಯೊಂದಿಗೆ.

ಕೊನೆಯ ಪರೀಕ್ಷೆಯ ಬಗ್ಗೆ ಒಂದು ನಿರ್ದಿಷ್ಟ ಸಲಹೆಯಿದೆ. ಐಸೋ ಕೊಟ್ಟು ಸ್ಪೂಲ್ ಮಾಡಿಸುವುದು ಈಗಲೂ ಟ್ರೇಡ್ ಟೆಸ್ಟ್‌ಗಳಲ್ಲಿ ನಡೆಯುತ್ತದೆ, ಅದು ಇರಲಿ. ಅದರ ಪಕ್ಕದಲ್ಲೇ ಇನ್ನೊಂದು ಜೋಡಣೆಯನ್ನು, ಫ್ಲ್ಯಾಂಜ್‌ಗಳು ಬೇಕೆಂದೇ ಹನ್ನೆರಡು ಮಿಲಿಮೀಟರ್ ತಪ್ಪುವಂತೆ ಮಾಡಿಟ್ಟಿರಬೇಕು. ಚೈನ್ ಬ್ಲಾಕ್ ಕೈಗೆ ಸಿಗುವಂತಿರಲಿ, ಗಡಿಯಾರವೂ ಕಣ್ಣೆದುರಿಗಿರಲಿ. ಎಳೆದು ಬಿಗಿದು ಸಮಯಕ್ಕೆ ಮುಗಿಸಿದವರು ಅನುತ್ತೀರ್ಣರು. ಅಳೆದು ನೋಡಿ, ಎಷ್ಟು ತಪ್ಪಿದೆ ಎಂದು ಬರೆದಿಟ್ಟು, ಕೆಲಸ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆದವರಿಗೆ ಪೂರ್ತಿ ಅಂಕ ಕೊಡಬೇಕು.